ಎಡದ ಚಕ್ರ ಬಲಕ್ಕೆ

28 ಏಪ್ರಿಲ್ 1984, ಶನಿವಾರ

ಇವತ್ತಿನಿಂದ ಈ ಪುಸ್ತಕದಲ್ಲಿ ಬರೆಯುತ್ತೇನೆ. ಮೊಮ್ಮಗಳ ಲೆಕ್ಕದ ನೋಟ್ ಬುಕ್ಕು, ಅರ್ಧ ಖಾಲಿ ಇತ್ತು. ಬಾಯಿಗೆ ಬೀಗ ಬಿದ್ದಮೇಲೆ ಕೈಯಾದರೂ ಆಡಬೇಕಲ್ಲ.

ಬೀಗ ಹಾಕಿದವನು ನನ್ನ ಮಗ ಚನ್ನರಾಯಪ್ಪ. ಮಾವಿನ ತೋಟದಲ್ಲಿ ಒಣಕೊಂಬೆ ಕಡಿಯಲು ಮರ ಹತ್ತಿ, ಕೊಂಬೆಯ ಜೊತೆ ತಾನೂ ಬಂದ. ಕೋಲಾರದ ಆಸ್ಪತ್ರೆಯಲ್ಲಿ ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಕಟ್ಟು ಹಾಕಿದ್ದಾರೆ. ಎಂಟು ವಾರ ಬಿಚ್ಚುವ ಹಾಗಿಲ್ಲ. ಅಲ್ಲಿ ನಾನು ಸೊಸೆಗೆ ಎರಡು ಮಾತು ಅಂದೆ. ಎರಡೇ. ಪಕ್ಕದ ಮಂಚದ ರೋಗಿ ಎದ್ದು ಕೂತು ಕೇಳಿಸಿಕೊಂಡರೆ ಅದು ನನ್ನ ತಪ್ಪಲ್ಲ. ಮನೆಗೆ ಬಂದಮೇಲೆ ಮಗ ದೀಪ ತರಿಸಿ ನನ್ನ ಮುಂದಿಟ್ಟ.

"ಈ ಕಟ್ಟು ಬಿಚ್ಚೋಗಂಟ ಅವಳ್ನ ಒಂದು ಮಾತೂ ಅನ್ನಲ್ಲ ಅಂತ ದೀಪ ಮುಟ್ಟಮ್ಮಾ. ಇಲ್ದಿದ್ರೆ ನಾನು ಕುಂಟ್ಕೊಂಡೇ ಮನೆ ಬಿಟ್ಟು ಹೋಗ್ತೀನಿ."

ಕುಂಟುವುದಕ್ಕೂ ಆಗದವನು. ಆದರೂ ಮುಟ್ಟಿದೆ. ಅನ್ನುವುದಿಲ್ಲ ಎಂದು ಮುಟ್ಟಿದ್ದೇನೆ, ಬರೆಯುವುದಿಲ್ಲ ಎಂದು ಮುಟ್ಟಿಲ್ಲ.

ಸೊಸೆಯ ಹೆಸರು ಭಾರತಮ್ಮ. ಇಲ್ಲಿ ಶ್ಯಾಮಲಮ್ಮನ ಮಗಳು ಎಂದೇ ಬರೆಯುತ್ತೇನೆ, ಬೀಗಿತಿಗೂ ಒಂದು ಪಾಲು ಸೇರಲಿ. ಶ್ಯಾಮಲಮ್ಮನ ಮಗಳಿಗೆ ಕೈಯಲ್ಲಿ ರಂಗೋಲಿ ಎಳೆಯಲು ಬರುವುದಿಲ್ಲ. ತವರಿನಿಂದ ಒಂದು ತಗಡಿನ ಉರುಳೆ ತಂದಿದ್ದಾಳೆ. ಮೈತುಂಬ ಗಿಣಿಗಳ ಆಕಾರಕ್ಕೆ ತೂತು ಹೊಡೆದಿದ್ದಾರೆ. ಒಳಗೆ ಪುಡಿ ತುಂಬಿ ಹೊಸ್ತಿಲಿನಿಂದ ಬೀದಿಯವರೆಗೆ ಉರುಳಿಸಿದರೆ ನೆಲದ ಮೇಲೆ ಗಿಣಿಗಳ ಸಾಲು. ಸೋಮಾರಿಗಳಿಗೆಂದೇ ಮಾಡಿದ್ದು. ಇವತ್ತು ಅಷ್ಟೂ ಗಿಣಿಗಳು ಬೀದಿಯ ಕಡೆ ಮೂತಿ ಮಾಡಿದ್ದವು, ಮನೆ ಬಿಟ್ಟು ಹೊರಟವರ ಹಾಗೆ. ನಾನು ಕೆಮ್ಮಿದೆ. ಅವಳು ಸಾಲು ಅಳಿಸಿ, ಉರುಳೆಯನ್ನು ತಿರುವಿ ಹಿಡಿದು ಮತ್ತೆ ಉರುಳಿಸಿದಳು. ಗಿಣಿಗಳು ಮನೆಯ ಕಡೆ ತಿರುಗಿದವು.

ಕೆಮ್ಮುವುದು ಬೈಯುವುದಲ್ಲ.

1 ಮೇ, ಮಂಗಳವಾರ

ಮೈದುನ ಕೋದಂಡರಾಮಪ್ಪ ಬಂದು ಮಗನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಕಾಫಿ ಮುಗಿಯುವವರೆಗೆ ಕಾಲಿನ ವಿಷಯ, ಮುಗಿದಮೇಲೆ ತೋಟದ ವಿಷಯ.

"ನೋಡ್ಲಾ ಚನ್ನ, ನೀನು ಎತ್ತು ಮಾರಿ ಆ ಮೂರುಗಾಲಿ ಗಾಡಿ ತಂದಿದೀಯ. ಓಡ್ಸೋನೇ ಮಲಗಿದೀಯ. ಹಳ್ಳ ದಾಟಿಸಿ ಹಣ್ಣು ರಸ್ತೆಗೆ ತರೋರು ಯಾರು? ಸುಮ್ನೆ ತೋಟಾನ ಐದು ವರ್ಷ ಗುತ್ತಿಗೆ ಕೊಟ್ಬಿಡು. ಜನ ನೋಡಿದೀನಿ."

"ಕಾಲು ಮುರಿಯೋಕೂ ಮುಂಚೆನೇ ನೋಡಿಟ್ಟಿದ್ಯೇನೋ," ಎಂದೆ. ಅವನನ್ನು ಅನ್ನುವುದಿಲ್ಲ ಎಂದು ನಾನೇನೂ ದೀಪ ಮುಟ್ಟಿಲ್ಲ.

ಅರವತ್ತೆರಡು ಮರ. ನಮ್ಮ ಯಜಮಾನರು ಗುಂಡಿ ತೋಡಿದರು, ನಾನು ನಾಲ್ಕು ಬೇಸಿಗೆ ಹಳ್ಳದಿಂದ ಬಿಂದಿಗೆಯಲ್ಲಿ ನೀರು ಹೊತ್ತೆ. ಗುತ್ತಿಗೆಯವರ ಕೈಗೆ ಹೋದರೆ ನನ್ನ ಮರದ ನೆರಳಿಗೆ ನಾನು ಅವರನ್ನು ಕೇಳಿ ಹೋಗಬೇಕು. ಐದು ವರ್ಷ ಎಂದರೆ ನನಗೆ ಮಿಕ್ಕಿರುವುದೇ ಅಷ್ಟೋ ಏನೋ.

ಮಗ ಗೋಡೆ ನೋಡುತ್ತ ಹೇಳಿದ: "ಮೊದಲ್ನೇ ಕೊಯ್ಲು ನೋಡಾಣ ಚಿಕ್ಕಪ್ಪ. ಆ ಲೋಡು ನಮ್ಮ ಗಾಡೀಲೇ ರಸ್ತೆಗೆ ಬಂದ್ರೆ ತೋಟ ನಮ್ಮದೇ. ಬರಲಿಲ್ಲ ಅಂದ್ರೆ ಸೈನ್ ಹಾಕ್ತೀನಿ."

"ಓಡ್ಸೋರು ಯಾರೋ?"

"ನಾನು ಓಡಿಸ್ತೀನಿ ಚಿಕ್ಕಮಾವ." ಬಾಗಿಲ ಹಿಂದಿನಿಂದ ಶ್ಯಾಮಲಮ್ಮನ ಮಗಳು. ತವರಿನಲ್ಲಿ ಅಣ್ಣನ ಗದ್ದೆ ಉಳುವ ಟಿಲ್ಲರು ನಡೆಸುತ್ತಿದ್ದಳಂತೆ.

ಕೋದಂಡ ನಕ್ಕ. ನನಗೂ ನಗು ಬಂದಿತ್ತು. ಅವನು ಮೊದಲು ನಕ್ಕುಬಿಟ್ಟದ್ದರಿಂದ ನಾನು ನಗಲಿಲ್ಲ.

6 ಮೇ, ಭಾನುವಾರ

ಈ ಗಾಡಿಯನ್ನು ಕಟ್ಟಿದವನು ಶ್ರೀನಿವಾಸಪುರದ ಮೆಕ್ಯಾನಿಕ್ ಖುದ್ದೂಸ್. ಮೂತಿ ಹಳೆಯ ಗೂಡ್ಸ್ ಆಟೋದ್ದು, ಎಂಜಿನ್ ಟಿಲ್ಲರಿನದು, ಹಿಂದಿನ ತೊಟ್ಟಿ ಬಡಗಿ ಮಾಡಿದ್ದು. ಮುಂದೆ ಒಂದು ಚಕ್ರ, ಹಿಂದೆ ಎರಡು. ಹೊರಟಿತೆಂದರೆ ಮೂವರು ಓರಗಿತ್ತಿಯರು ಒಂದೇ ಒಲೆಯ ಮುಂದೆ ನಿಂತ ಹಾಗೆ ಸದ್ದು.

ಇವತ್ತು ಅವಳು ಸೀರೆಯ ಮೇಲೆ ಗಂಡನ ಶರಟು ತೊಟ್ಟು ಗಾಡಿ ಹತ್ತಿ ಕೂತಳು. ಊರೆಲ್ಲ ನೋಡಲು ನಿಂತಿತ್ತು. ಕೆಲವರು ಮನೆಯಿಂದ ಕಡಲೆಕಾಯಿ ತಂದಿದ್ದರು. ತೋಟದಿಂದ ರಸ್ತೆಗೆ ಬರಲು ನಡುವೆ ಹಳ್ಳ. ಹಳ್ಳದಲ್ಲಿ ಮರಳು, ಆಚೆಗೆ ಜೇಡಿಮಣ್ಣಿನ ಏರು. ಗಾಡಿ ಖಾಲಿ ಇದ್ದರೂ ಮರಳಿನಲ್ಲೇ ನಿಂತಿತು. ಹಿಂದಿನ ಚಕ್ರಗಳು ಇದ್ದಲ್ಲೇ ತಿರುಗಿ ತಮಗೆ ತಾವೇ ಗುಂಡಿ ತೋಡಿಕೊಂಡವು. ಹತ್ತು ಜನ ತಳ್ಳಿ ಎತ್ತಬೇಕಾಯಿತು.

ಇಳಿದು ಬಾರೇ, ಮಾನ ಹೋಯಿತು ಎಂದು ಬಾಯಿಯವರೆಗೆ ಬಂದಿತ್ತು. ಕೆಮ್ಮಿದೆ.

ಅವಳು ಇಳಿದಳು. ಜನರನ್ನು ನೋಡಲಿಲ್ಲ, ಕೂತು ಚಕ್ರ ನೋಡಿದಳು. "ಟೈರು ಸವೆದೋಗಿದೆ ಅತ್ತೆಮ್ಮ, ಚಿಕ್ಕಮಾವನ ತಲೆ ಥರ. ಮರಳಿಗೆ ಇದು ಆಗಲ್ಲ."

ನಾನು ಆ ಕಡೆ ತಿರುಗಿಕೊಂಡೆ. ನಕ್ಕದ್ದು ಕಾಣಬಾರದಲ್ಲ.

10 ಮೇ, ಗುರುವಾರ

ನಂಗಲಿಗೆ ಹೋಗಿ ಬಂದೆವು, ನಾನು, ಅವಳು, ಖುದ್ದೂಸ್. ಹೆದ್ದಾರಿಯ ಪಕ್ಕ ಲಾರಿಗಳ ಹಳೆಯ ಟೈರುಗಳನ್ನು ಬೆರಣಿಯ ಹಾಗೆ ಒಟ್ಟಿಟ್ಟ ಅಂಗಡಿ. ಒಬ್ಬಳನ್ನೇ ಗಂಡಸರ ಅಂಗಡಿಗೆ ಕಳಿಸಲಾಗದು ಎಂದು ನಾನು ಹೋದದ್ದು. ಟೈರು ನೋಡಲು ಅಲ್ಲ.

ಅಂಗಡಿಯವನು ಮೂರು ಜೊತೆ ತೆಗೆದು ಹಾಕಿದ. ಒಂದಕ್ಕೆ ಉದ್ದುದ್ದ ಗೀರು, ಲಾರಿಯದರ ಹಾಗೆ. ಇನ್ನೊಂದಕ್ಕೆ ಒತ್ತೊತ್ತಾಗಿ ಸಣ್ಣ ಏಣು, ರಬ್ಬರಿನ ಉಬ್ಬುಗಳು. ಮೂರನೆಯದು ಟಿಲ್ಲರಿನದು. ಎರಡು ಪಕ್ಕದಿಂದ ದಪ್ಪ ಏಣುಗಳು ಓರೆಯಾಗಿ ಬಂದು ನಡುವೆ ಮೂತಿ ಸೇರಿಸುತ್ತವೆ, ಮೊರದ ಮೂಲೆಯ ಹಾಗೆ. ಅಂಗಡಿಯವನು ಒತ್ತೇಣಿನದನ್ನು ಹೊಗಳಿದ, ಹೆಚ್ಚು ರಬ್ಬರು ಇದೆಯಂತೆ.

"ಒತ್ತಾಗಿದ್ರೆ ಸಂದಿಯಲ್ಲಿ ಜೇಡಿ ಮೆತ್ಕೊಂಡು ನಿಲ್ಲುತ್ತಪ್ಪಾ," ಎಂದೆ. "ಆಮೇಲೆ ನಿನ್ನ ಏಣು ಎಲ್ಲಿ, ನೆಲ ಎಲ್ಲಿ? ಗದ್ದೇಲಿ ನಡೆದಿದೀಯಾ ಎಂದಾದ್ರೂ?"

"ನಂದು ಅಂಗಡಿ, ಅಮ್ಮಾ."

"ಅದೇ ಗೊತ್ತಾಗುತ್ತೆ."

ಅವಳು ಟಿಲ್ಲರಿನ ಟೈರಿನ ಸಂದಿಗೆ ಹೆಬ್ಬೆರಳು ಇಟ್ಟು ನೋಡಿದಳು. ಪೂರ್ತಿ ಇಳಿಯಿತು. ನಾನೂ ಅದನ್ನೇ ನೋಡುವವಳಿದ್ದೆ. "ಇದೇ ಅತ್ತೆಮ್ಮ," ಎಂದಳು. ಖುದ್ದೂಸ್ ಟೈರಿನ ಪಕ್ಕವನ್ನು ಉಜ್ಜಿ ಉಜ್ಜಿ ಹುಡುಕಿದ. ಈ ಥರದ ಟೈರಿಗೆ ಯಾವ ಕಡೆ ಉರುಳಬೇಕು ಎಂದು ಪಕ್ಕದಲ್ಲಿ ಬಾಣದ ಗುರುತು ಇರುತ್ತದಂತೆ. ಇವು ಹಳೆಯವು, ಗುರುತು ಸವೆದುಹೋಗಿತ್ತು.

ಬಸ್ಸಿನ ಮೇಲೆ ಹಾಕಿಸಿ ತಂದೆವು. ಮುಳಬಾಗಿಲಿನಲ್ಲಿ ಬಸ್ಸು ಬದಲಿಸುವಾಗ ಒಂದನ್ನು ಅವಳೇ ಉರುಳಿಸಿಕೊಂಡು ನಡೆದಳು. ಚೆನ್ನಾಗಿಯೇ ಉರುಳಿಸುತ್ತಾಳೆ, ರಂಗೋಲಿ ಉರುಳಿಸಿದ ಅಭ್ಯಾಸ.

13 ಮೇ, ಭಾನುವಾರ

ಟೈರು ಹಾಕಿದ್ದಾಯಿತು. ಖುದ್ದೂಸ್ ರಿಮ್ಮನ್ನು ನೆಲಕ್ಕೆ ಹಾಕಿ, ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಟ್ಯೂಬಿಗೆ ಮಡಿಕೆ ಬೀಳದಷ್ಟು ಗಾಳಿ ಕೊಟ್ಟು ಒಳಗಿಟ್ಟು, ಎರಡು ಕಬ್ಬಿಣದ ಪಟ್ಟಿಯಿಂದ ಅಂಚನ್ನು ಮೀಟಿ ಮೀಟಿ ಕೂರಿಸುತ್ತಾನೆ. ಗಾಳಿ ತುಂಬಿದಾಗ ಟಪ್ಪೆಂದು ಕೂರುತ್ತದೆ. ಮರಳಿಗೆ ಗಾಳಿ ಕಡಿಮೆ ಇರಬೇಕಂತೆ, ಟೈರು ಸ್ವಲ್ಪ ಕುಳಿತು ನೆಲ ಹಿಡಿಯಲು. ಎಷ್ಟು ಎಂದು ಕೇಳಿದೆ. "ನೀವೇ ಒತ್ತಿ ನೋಡಿ ಅಮ್ಮಾ," ಎಂದ. ಒತ್ತಿದೆ. ಆರಿದ ಮುದ್ದೆಯ ಹದ. ಸಾಕು ಎಂದೆ.

ಜಗಳ ಬಂದದ್ದು ಮೂತಿಯ ವಿಷಯಕ್ಕೆ. ಮೇಲಿನಿಂದ ನೋಡಿದರೆ ಏಣಿನ ಮೂತಿ ಮುಂದಕ್ಕೆ ಇರಬೇಕೋ ಹಿಂದಕ್ಕೋ?

"ನಾನು ಲಾರಿ ಟೈರು ಹಾಕಿದೋನು ಅಮ್ಮಾ, ಅದಕ್ಕೆ ಹಿಂದೆ ಮುಂದೆ ಇಲ್ಲ," ಎಂದ ಖುದ್ದೂಸ್.

"ನಮ್ಮಣ್ಣನ ಟಿಲ್ಲರಲ್ಲಿ ಮೂತಿ ಮುಂದಕ್ಕಿತ್ತು ಅಂತ ನೆನಪು," ಎಂದಳು ಅವಳು.

ನೆನಪಂತೆ. ನಾನು ಇಬ್ಬರನ್ನೂ ಹಳ್ಳಕ್ಕೆ ಕರೆದುಕೊಂಡು ಹೋದೆ. ಗೌನಿಪಲ್ಲಿಯ ಟ್ರಾಕ್ಟರು ಮರಳು ತುಂಬಿಕೊಂಡು ಅದೇ ಏರನ್ನು ದಿನಾ ಹತ್ತುತ್ತದೆ, ಒಂದು ದಿನವೂ ಜಾರಿದ್ದಿಲ್ಲ. ಖಾಲಿ ಇಳಿದ ಗುರುತು ತೆಳುವು, ತುಂಬಿ ಹತ್ತಿದ ಗುರುತು ಆಳ. ಆಳದ ಗುರುತನ್ನು ಬೆರಳಿಟ್ಟು ತೋರಿಸಿದೆ. ಮೂತಿಗಳೆಲ್ಲ ಹಿಂದಕ್ಕೆ, ಹಳ್ಳದ ಕಡೆಗೆ. ಕಣ್ಣೆದುರು ನೆಲದ ಮೇಲೆ ಬರೆದಿಟ್ಟ ಹಾಗಿದೆ. ಮೂತಿ ಹಿಂದಕ್ಕೇ ಇರಲಿ ಎಂದೆ.

ಅವಳು ಗುರುತನ್ನು ನೋಡಿದಳು, ನನ್ನನ್ನು ನೋಡಿದಳು, ಆಯ್ತು ಅತ್ತೆಮ್ಮ ಎಂದಳು. ಹಾಗೇ ಹಾಕಿಸಿದೆ.

16 ಮೇ, ಬುಧವಾರ

ಮಳೆ. ಸಾರಿಗೆ ಉಪ್ಪು ಸರಿಯಾಗಿತ್ತು. ಬರೆಯಲು ಏನೂ ಇಲ್ಲ.

20 ಮೇ, ಭಾನುವಾರ

ಮೊದಲ ಕೊಯ್ಲು. ರಸಪುರಿ, ಬಾದಾಮಿ, ಇಪ್ಪತ್ತು ಬುಟ್ಟಿ. ಮಗನನ್ನು ಮಂಚದ ಸಮೇತ ಹೊರಗೆ ತಂದು ಹಾಕಿದ್ದರು, ಗಾಡಿಯ ಸದ್ದಾದರೂ ಕೇಳಲಿ ಎಂದು. ರಸ್ತೆಯಲ್ಲಿ ಹಣ್ಣಿನ ಮಂಡಿಯ ಲಾರಿ, ಅದರ ಪಕ್ಕ ಕೊಡೆ ಹಿಡಿದ ಕೋದಂಡ.

ಗಾಡಿ ಮರಳನ್ನು ಒದ್ದಾಡಿಕೊಂಡು ದಾಟಿತು. ಜೇಡಿಯ ಏರಿನಲ್ಲಿ ಅರ್ಧಕ್ಕೆ ನಿಂತಿತು. ಏಣಿನ ಸಂದಿಗಳಲ್ಲಿ ಮಣ್ಣು ತುಂಬಿ ಟೈರು ಗುಂಡುಕಲ್ಲಾಯಿತು. ಎಷ್ಟು ಸಲ ನುಗ್ಗಿಸಿದರೂ ಅದೇ ಜಾಗ. ಹಿಂದಕ್ಕೆ ತೆಗೆದರೆ ಮಾತ್ರ ಮರಳು ದಾಟಿ ತೋಟದ ದಡ ಹತ್ತಿ ಸಲೀಸಾಗಿ ಹೋಗುತ್ತದೆ, ಮನೆಗೆ ಹೊರಟ ದನದ ಹಾಗೆ. ಬಂದು ಮತ್ತೆ ನುಗ್ಗುತ್ತಾಳೆ, ಮತ್ತೆ ನಿಲ್ಲುತ್ತದೆ. ಕೊನೆಗೆ ಅವಳ ಅಂಗೈಯಲ್ಲಿ ಬೊಬ್ಬೆ ಒಡೆಯಿತು. ಗಾಡಿಯನ್ನು ತೋಟದಲ್ಲೇ ನಿಲ್ಲಿಸಿ, ಬುಟ್ಟಿಗಳನ್ನು ಇಳಿಸಿ ನೆರಳಿಗಿಟ್ಟೆವು.

ಕೋದಂಡ ಹಳ್ಳಕ್ಕೆ ಇಳಿದು ಬಂದ. "ಯಾರಮ್ಮಾ ಈ ಟೈರು ನೋಡಿ ಹಾಕ್ಸಿದ್ದು?"

"ನಾನೇ ಚಿಕ್ಕಮಾವ," ಎಂದಳು. "ನಾನೇ ಹಿಂಗೆ ಹಾಕಿ ಅಂದಿದ್ದು."

"ಆಯ್ತು ಬಿಡು. ಹಣ್ಣು ಕೆಡಬಾರದಲ್ಲ, ನಾಳೆ ಸಾಯಂಕಾಲ ಗುತ್ತಿಗೆಯೋನು ಕಾಗದ ತತ್ತಾನೆ."

ಅವಳು ಸುಳ್ಳು ಹೇಳಿದಳು. ಹಾಕಿಸಿದ್ದು ನಾನು. ಹೇಳಬೇಕು ಎಂದು ಬಾಯಿ ತೆರೆದೆ, ಕೆಮ್ಮು ಬಂತು, ನಿಜವಾದ ಕೆಮ್ಮು. ದೀಪ ಮುಟ್ಟಿದ್ದು ಬೈಯದಿರುವುದಕ್ಕೆ ಮಾತ್ರ. ಇದಕ್ಕೇಕೆ ಬಾಯಿ ಕಟ್ಟಿತೋ.

21 ಮೇ, ಸೋಮವಾರ

ಇವತ್ತಿನದು ಉದ್ದ ಇದೆ. ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಭಾರತಮ್ಮ ಏಳಲಿಲ್ಲ. ಅಂಗೈಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಎಬ್ಬಿಸಬೇಡ ಎಂದು ಮೊಮ್ಮಗಳಿಗೆ ಹೇಳಿ ನಾನೇ ಬಾಗಿಲಿಗೆ ನೀರು ಹಾಕಿದೆ. ನಿನ್ನೆ ಬುಟ್ಟಿ ಎತ್ತಿ ಎತ್ತಿ ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ, ರಂಗೋಲಿಯ ಎಳೆ ಎಳೆಯುವುದು ಎಲ್ಲಿ. ಬೀದಿಯಲ್ಲಿ ಯಾರೂ ಇಲ್ಲ ಎಂದು ನೋಡಿಕೊಂಡು ಆ ತಗಡಿನ ಉರುಳೆ ತೆಗೆದುಕೊಂಡೆ.

ಉರುಳೆಯ ಮೇಲಿನ ಗಿಣಿಗಳು ಮನೆಯ ಕಡೆ ನೋಡುವ ಹಾಗೆ ಹಿಡಿದು ಬೀದಿಯವರೆಗೆ ಉರುಳಿಸಿದೆ. ತಿರುಗಿ ನೋಡಿದರೆ ನೆಲದ ಗಿಣಿಗಳೆಲ್ಲ ಬೀದಿಯ ಕಡೆ. ಉರುಳೆಯನ್ನು ತಿರುವಿ ಹಿಡಿದು ಇನ್ನೊಂದು ಸಾಲು ಉರುಳಿಸಿದೆ. ಈಗ ತಗಡಿನ ಮೇಲೆ ಬೀದಿ ನೋಡುವ ಗಿಣಿ, ನೆಲಕ್ಕೆ ಬಿದ್ದಾಗ ಮನೆ ನೋಡುತ್ತದೆ. ಮೇಲಿದ್ದಾಗ ಮುಂದೆ ಹೋಗುವ ಮೂತಿಯೇ ಮೊದಲು ಕೆಳಗೆ ಬರುತ್ತದೆ, ಮೈ ಅದರ ಮುಂದೆ ಬಂದು ಬೀಳುತ್ತದೆ. ಹಾಗಾಗಿ ಮೂತಿ ಹಿಂದಾಗುತ್ತದೆ. ಮೂರನೆಯ ಸಲ, ನಾಲ್ಕನೆಯ ಸಲ ಉರುಳಿಸಿದೆ. ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಗಿಣಿಗಳು.

ನಾನು ನೋಡಿದ್ದು ನೆಲಕ್ಕೆ ಬಿದ್ದ ಗುರುತು. ಟ್ರಾಕ್ಟರಿನ ಚಕ್ರವನ್ನು ನಾನು ನೋಡಿಯೇ ಇರಲಿಲ್ಲ. ನೆಲದಲ್ಲಿ ಮೂತಿ ಹಿಂದಕ್ಕಿದ್ದರೆ ಚಕ್ರದ ಮೇಲೆ ಅದು ಮುಂದಕ್ಕಿರಬೇಕು. ನಮ್ಮ ಗಾಡಿ ಹಿಂದಕ್ಕೆ ಸಲೀಸಾಗಿ ಹೋದದ್ದೂ ಅದಕ್ಕೇ. ಅದು ಹಿಂದಕ್ಕೆ ಹೋಗಲೆಂದೇ ನಾನು ಟೈರು ಹಾಕಿಸಿದ್ದೆ.

"ಅತ್ತೆಮ್ಮ, ನೀವು ಉರುಳೆ ಹಿಡಿದ್ರಾ?" ಭಾರತಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅದು ಬಿಡು. ಟೈರು ಉಲ್ಟಾ ಆಗಿದೆ. ಹಾಕ್ಸಿದ್ದು ನಾನು. ಖುದ್ದೂಸ್‌ಗೆ ಹೇಳಿಕಳಿಸಿದ್ರೆ ಎಷ್ಟೊತ್ತಿಗೆ ಬರ್ತಾನೆ? ಎರಡೂ ಟೈರು ರಿಮ್ಮಿಂದ ಕೀಳಬೇಕಲ್ಲ."

ಅವಳು ಗಿಣಿಗಳನ್ನು ನೋಡಿದಳು. ಒಂದು ಸಾಲಿನಿಂದ ಇನ್ನೊಂದಕ್ಕೆ ಕಣ್ಣು ಓಡಿಸಿದಳು. ಆಮೇಲೆ ಹೊಸ್ತಿಲ ಮೇಲೇ ಕೂತು ನಕ್ಕಳು. "ಕೀಳೋದೇ ಬೇಡ ಅತ್ತೆಮ್ಮ. ಚಕ್ರ ಚಕ್ರಾನೇ ಬದಲಾಯಿಸಿದ್ರೆ ಸಾಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮೂತಿ ತಾನೇ ತಿರುಗುತ್ತೆ."

ಎಂಟು ದಿನ ಗಾಡಿಗೆ ಚಪ್ಪಲಿ ಅದಲು ಬದಲು ತೊಡಿಸಿ ಓಡಾಡಿಸಿದ್ದೆವು, ಅಷ್ಟೇ.

ತೋಟಕ್ಕೆ ಹೋಗಿ ಜಾಕ್ ಕೊಟ್ಟು, ಕೆಳಗೆ ಕಲ್ಲು ಇಟ್ಟು, ನಾವಿಬ್ಬರೇ ಬದಲಾಯಿಸಿದೆವು. ಅವಳ ಅಂಗೈಗೆ ಸ್ಪ್ಯಾನರು ಒತ್ತುತ್ತಿತ್ತು, ಅದಕ್ಕೆ ನಾನು ಹಿಡಿದೆ. ನನ್ನ ಬೆರಳಿಗೆ ಬಲ ಸಾಲಲಿಲ್ಲ, ಅದಕ್ಕೆ ಅವಳು ನನ್ನ ಕೈಯ ಮೇಲೆ ಕಾಲಿಟ್ಟು ತುಳಿಯಲು ನೋಡಿದಳು.

"ಕೈ ತೆಗೀರಿ ಅತ್ತೆಮ್ಮ, ಸ್ಪ್ಯಾನರು ಮಾತ್ರ ತುಳೀತೀನಿ."

"ಇಷ್ಟು ವರ್ಷದ್ದು ತೀರಿಸ್ಕೊಳ್ಳೋದಿದ್ರೆ ಇದೇ ಸಮಯ ಕಣೇ," ಎಂದೆ.

ಸಾಯಂಕಾಲ ಬುಟ್ಟಿಗಳನ್ನು ಮತ್ತೆ ತುಂಬಿದೆವು. ರಸ್ತೆಯಲ್ಲಿ ಕೋದಂಡ, ಅವನ ಪಕ್ಕ ಗುತ್ತಿಗೆಯವನು, ಅವನ ಕಂಕುಳಲ್ಲಿ ಕಾಗದ. ಹಿಂದಿನ ಚಕ್ರಕ್ಕೆ ಭಾರ ಬಿದ್ದಷ್ಟೂ ಒಳ್ಳೆಯದು ಎಂದು ಭಾರತಮ್ಮ ಹೇಳಿದ್ದರಿಂದ ನಾನೂ ಬುಟ್ಟಿಗಳ ನಡುವೆ ಹತ್ತಿ ಕೂತೆ. ಜನ ನಕ್ಕರು. ನಗಲಿ, ಅವರ ಮನೆಯಲ್ಲಿ ಈ ವಯಸ್ಸಿನ ಯಾರು ಹತ್ತಿದ್ದಾರೆ.

ಮರಳು ಎಲ್ಲಿ ಮುಗಿಯಿತೋ ಗೊತ್ತಾಗಲಿಲ್ಲ. ಏರು ಬಂತು. ನಿನ್ನೆ ನಿಂತ ಜಾಗ ಬಂತು. ನಾನು ಮುಂದೆ ನೋಡಲಿಲ್ಲ, ಬಗ್ಗಿ ಚಕ್ರವನ್ನೇ ನೋಡಿದೆ. ಏಣು ಜೇಡಿಯನ್ನು ಕಚ್ಚುತ್ತದೆ, ನಡುವಿನಿಂದ ಎರಡು ಪಕ್ಕಕ್ಕೂ ತಳ್ಳಿ ಉಗುಳುತ್ತದೆ, ಮತ್ತೆ ಕಚ್ಚುತ್ತದೆ. ನಮ್ಮ ಹಿಂದೆ ಗುರುತಿನ ಸಾಲು ಬೀಳುತ್ತಿತ್ತು. ಮೂತಿಗಳೆಲ್ಲ ತೋಟದ ಕಡೆ, ಗಿಣಿಗಳ ಹಾಗೆ.

ರಸ್ತೆಗೆ ಬಂದಾಗ ಎಂಜಿನ್ ನಿಲ್ಲಿಸಿದಳು. ದೂರದಲ್ಲಿ ಮಂಚದ ಮೇಲಿನಿಂದ ಮಗನ ಕೂಗು ಕೇಳಿಸಿತು.

ನಾನು ಇಳಿಯಲಿಲ್ಲ. ಮೇಲೆ ಕೂತೇ ಹೇಳಿದೆ: "ಕೋದಂಡ, ಇಲ್ಲಿ ಕೇಳು. ಟೈರು ಉಲ್ಟಾ ಹಾಕ್ಸಿದ್ದು ಇವಳಲ್ಲ, ನಾನು. ಇವಳು ಮೂತಿ ಮುಂದಕ್ಕೆ ಅಂತಾನೇ ಅಂದ್ಲು, ನಾನು ಕೇಳ್ಲಿಲ್ಲ. ನಿನ್ನೆ ಹೇಳಬೇಕಿತ್ತು, ಇವತ್ತು ಹೇಳ್ತಿದೀನಿ. ಆ ಕಾಗದ ಇಸ್ಕೊಡು, ಬುಟ್ಟಿ ತಳಕ್ಕೆ ಹಾಸ್ಬೋದು."

ಕೋದಂಡ ಗುತ್ತಿಗೆಯವನ ಮುಖ ನೋಡಿದ. ಕೊಡೆ ಮಡಚಿದ. ಒಂದು ರಸಪುರಿ ಎತ್ತಿಕೊಂಡು ಮೂಸಿ, "ಹಣ್ಣೇನೋ ಚೆನ್ನಾಗೈತೆ ಅತ್ಗೆ," ಎಂದ.

2 ಜೂನ್, ಶನಿವಾರ

ಹನ್ನೊಂದನೆಯ ಲೋಡು. ಕೋದಂಡ ಬಂದು ಅರ್ಧ ಗಂಟೆ ಮಳೆಯ ವಿಷಯ ಮಾತಾಡಿ, ತನ್ನ ತೋಟದ ಹಣ್ಣನ್ನೂ ಹಳ್ಳ ದಾಟಿಸಿ ಕೊಡುತ್ತಾಳಾ ಎಂದು ಭಾರತಿಯನ್ನು ಕೇಳಲು ನನ್ನನ್ನು ಕೇಳಿದ. ಅವಳನ್ನೇ ಕೇಳು ಎಂದೆ. ಕೇಳಿದ. ಅವಳು ನನ್ನ ಕಡೆ ನೋಡಿದಳು. ನಾನು ಕೆಮ್ಮಲಿಲ್ಲ. ಆಗಲಿ ಎಂದಳು.

ಖುದ್ದೂಸ್ ಬಂದು ಟೈರಿನ ಪಕ್ಕಕ್ಕೆ ಬಿಳಿ ಬಣ್ಣದಲ್ಲಿ ಬಾಣ ಬರೆದು ಹೋದ. ಭಾರತಿ ಅದರ ಪಕ್ಕ ಒಂದು ಗಿಣಿ ಬರೆದಳು. ನನಗಿಂತ ಚೆನ್ನಾಗಿಯೇ ಬರೆಯುತ್ತಾಳೆ. ಕೈಯಲ್ಲೇ.

23 ಜೂನ್, ಶನಿವಾರ

ಕೋಲಾರದಲ್ಲಿ ಕಟ್ಟು ಬಿಚ್ಚಿದರು. ಕಾಲು ಸಿಪ್ಪೆ ಸುಲಿದ ನುಗ್ಗೆಕಾಯಿಯ ಹಾಗಿದೆ, ಆದರೆ ನೆಟ್ಟಗಿದೆ. ಬಸ್ಸು ಇಳಿದ ಕೂಡಲೇ ಮಗ, "ಇನ್ನು ಬೈಬೋದು ಕಣಮ್ಮಾ, ದೀಪದ ಮಾತು ತೀರ್ತು," ಎಂದ.

ಎಂಟು ವಾರದ್ದು ಕೂಡಿಟ್ಟಿದ್ದೇನೆ, ಒಂದೊಂದಾಗಿ ತೆಗೆಯೋಣ ಎಂದು ಮನೆಗೆ ಬಂದು ಈ ಪುಸ್ತಕ ತೆರೆದೆ. ಭಾರತಿಯನ್ನು ಬೈದದ್ದು ಮೊದಲಿನ ಕೆಲವು ಪುಟಗಳಲ್ಲಿ ಇದೆ. ಆಮೇಲೆ ಕೋದಂಡನನ್ನು ಬೈದದ್ದಿದೆ, ನಂಗಲಿಯ ಅಂಗಡಿಯವನನ್ನು ಬೈದದ್ದಿದೆ. ಅವಳದು ಮತ್ತೆ ಸಿಗಲಿಲ್ಲ. ಕೊಯ್ಲಿನ ಗಡಿಬಿಡಿಯಲ್ಲಿ ಬರೆಯಲು ಮರೆತಿರಬೇಕು.

ಸಾಯಂಕಾಲ ತೋತಾಪುರಿಯ ಕೊನೆಯ ಲೋಡು. ನಾನು ಈಗ ಮುಂದೆ, ಭಾರತಿಯ ಪಕ್ಕದ ಹಲಗೆಯ ಮೇಲೇ ಕೂರುವುದು. ಎಂಟು ವಾರ ಸುಮ್ಮನಿದ್ದ ನಾನು ಮಾತು ತೀರಿದ ದಿನವೂ ಸುಮ್ಮನಿದ್ದರೆ ಅವಳು ಏನೆಂದುಕೊಂಡಾಳು. ಮರಳಿನ ನಡುವೆ ಬಂದಾಗ ಹೇಳಿದೆ:

"ಏನೇ ಭಾರತಿ, ಇಷ್ಟು ನಿಧಾನ? ಹಣ್ಣು ಗಾಡೀಲೇ ಮಾಗಿ ಕೊಳೀತವೆ."

ಅವಳು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಅಷ್ಟುದ್ದ ಯಾಕೆ ಹೇಳ್ತೀರ ಅತ್ತೆಮ್ಮ, ಕೆಮ್ಮಿದ್ರೆ ಸಾಕಿತ್ತಲ್ಲ."

ಏರು ಬಂತು. ನಾನು ಕೆಮ್ಮಿದೆ. ಅವಳು ಜೋರು ಮಾಡಿದಳು.